ಪಾಠದ ಪಂಕ್ತಿ: ‘ತೊತ್ತೋ-ಚಾನ್’ ಕುರಿತು ಒಂದು ವಿಮರ್ಶೆ

ಮಠದ ಪ್ರಸಾದನಿಲಯದಲ್ಲಿ ಉಂಡು ಬೆಳೆದ ವಾಚಕರಿಗೆ ಪಂಕ್ತಿಯ ಮಹತ್ವವನ್ನು ವಿವರಿಸಬೇಕಾಗಿಲ್ಲ. ಸಿರಿವಂತನ ಮಗನೂ ಬಡವನ ಮಗನೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದು ದಾಸೋಹದ ಮೊದಲ ಪಾಠ. ಆದರೆ ಅನ್ನದ ಪಂಕ್ತಿಯಲ್ಲಿ ನಾವು ಅಳಿಸಿದ ಭೇದವು ಪಾಠದ ಪಂಕ್ತಿಯಲ್ಲಿ ಉಳಿದಿಲ್ಲವೆ? ಈ ಪ್ರಶ್ನೆಯನ್ನು ನಮ್ಮ ಮುಂದಿಡುವ ಕೃತಿ ತೆತ್ಸುಕೊ ಕುರೊಯನಾಗಿಯವರ ‘ತೊತ್ತೋ-ಚಾನ್’. 1981ರಲ್ಲಿ ಜಪಾನೀ ಭಾಷೆಯಲ್ಲಿ ಪ್ರಕಟವಾದ ಈ ಬಾಲ್ಯಸ್ಮರಣೆ ಅನಂತರ ಕನ್ನಡಕ್ಕೂ ಬಂದಿದೆ.

ಮೊದಲನೆಯ ತರಗತಿಯಲ್ಲಿಯೇ ಶಾಲೆಯಿಂದ ಹೊರಹಾಕಲ್ಪಟ್ಟ ಚಂಚಲ ಬಾಲಕಿಯೊಬ್ಬಳು ಟೋಕಿಯೋದ ತೊಮೊಯೆ ಶಾಲೆಯನ್ನು ಸೇರುತ್ತಾಳೆ. ಅವಳೇ ಲೇಖಕಿ. ಸೊಸಾಕು ಕೊಬಾಯಾಶಿಯವರು 1937ರಲ್ಲಿ ಸ್ಥಾಪಿಸಿದ ಆ ಶಾಲೆಯ ತರಗತಿಗಳು ಹಳೆಯ ರೈಲು ಡಬ್ಬಿಗಳಲ್ಲಿ ನಡೆಯುತ್ತಿದ್ದವು. ಮಕ್ಕಳು ಸುಮಾರು 50. ಮುಖ್ಯೋಪಾಧ್ಯಾಯರು ಮೊದಲ ದಿನ ಆ ಹುಡುಗಿಯ ಮಾತನ್ನು ನಾಲ್ಕು ಗಂಟೆಗಳ ಕಾಲ ಬೇಸರಿಸದೆ ಆಲಿಸಿದರು. ಮಗುವಿನ ಬುತ್ತಿಯಲ್ಲಿ ಕೊರತೆ ಕಂಡರೆ ಅವರ ಪತ್ನಿಯೇ ಬಂದು ಬಡಿಸುತ್ತಿದ್ದರು.

ದಿನದ ಎಲ್ಲ ವಿಷಯಗಳ ಪ್ರಶ್ನೆಗಳನ್ನೂ ಬೆಳಿಗ್ಗೆಯೇ ಹಲಗೆಯ ಮೇಲೆ ಬರೆಯಲಾಗುತ್ತಿತ್ತು. ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂಬುದು ಮಗುವಿನ ಇಚ್ಛೆ. ಇದನ್ನು ಸ್ವೇಚ್ಛಾಚಾರವೆಂದು ಭಾವಿಸಲಾಗದು. ಎಲ್ಲವನ್ನೂ ಮುಗಿಸಲೇಬೇಕಿತ್ತು, ಕ್ರಮ ಮಾತ್ರ ಮಗುವಿನದು. ಯಾವ ಮಗುವಿನ ಮನಸ್ಸು ಎಲ್ಲಿ ನೆಲೆಸುತ್ತದೆ, ಎಲ್ಲಿ ಎಡವುತ್ತದೆ ಎಂಬುದು ಇದರಿಂದ ಗುರುವಿಗೆ ತಿಳಿಯುತ್ತಿತ್ತು.

ಪೋಲಿಯೋ ಪೀಡಿತ ಬಾಲಕನೂ, ದೇಹದ ಬೆಳವಣಿಗೆ ಕುಂಠಿತವಾದ ಬಾಲಕನೂ ಅಲ್ಲಿ ಸಹಪಾಠಿಗಳು. ಕ್ರೀಡಾದಿನದ ಸ್ಪರ್ಧೆಗಳನ್ನು ಆ ಕುಳ್ಳ ಬಾಲಕನೇ ಗೆಲ್ಲುವಂತೆ ರೂಪಿಸಲಾಗಿತ್ತು. ಒಮ್ಮೆ ಉಪಾಧ್ಯಾಯಿನಿಯೊಬ್ಬರು ಪಾಠದ ನಡುವೆ ಅವನನ್ನು ಬಾಲವಿದೆಯೇ ಎಂದು ವಿನೋದಕ್ಕೆ ಕೇಳಿದರು. ಕೊಬಾಯಾಶಿಯವರು ಅವರನ್ನು ಕಟುವಾಗಿ ಆಕ್ಷೇಪಿಸಿದರು; ಆದರೆ ಇತರ ಉಪಾಧ್ಯಾಯರ ಕಣ್ಣಿಗೆ ಬೀಳದಂತೆ, ಅಡುಗೆಮನೆಯಲ್ಲಿ. ಈ ಪ್ರಸಂಗವೇ ಗ್ರಂಥದ ತಿರುಳೆಂದು ನನ್ನ ಭಾವನೆ. ಶಿಷ್ಯನ ಮಾನವನ್ನು ಕಾಯುವಾಗ ಗುರುವಿನ ಮಾನವನ್ನೂ ಅವರು ಕಾಯ್ದರು.

ಕೃತಿಗೆ ಮಿತಿಗಳೂ ಇವೆ. ಕೃತಜ್ಞತೆಯ ಕಣ್ಣಿನಿಂದ ಬರೆದ ಸ್ಮರಣೆಯಲ್ಲಿ ಶಾಲೆಯ ಸೋಲುಗಳು ಹೆಚ್ಚಾಗಿ ಕಾಣಿಸವು. ಇಡೀ ವ್ಯವಸ್ಥೆ ಒಬ್ಬ ಮಹನೀಯರ ಚೈತನ್ಯವನ್ನು ಅವಲಂಬಿಸಿತ್ತು. 1945ರ ವಿಮಾನದಾಳಿಯಲ್ಲಿ ಶಾಲೆ ಭಸ್ಮವಾಯಿತು. 50 ಮಕ್ಕಳ ಶಾಲೆಯ ವಿಧಾನವು 60 ಮಕ್ಕಳು ಒಂದೇ ಕೋಣೆಯಲ್ಲಿ ಕೂಡುವ ತರಗತಿಗೆ ಹೇಗೆ ಒಗ್ಗೀತು ಎಂಬ ಆಕ್ಷೇಪಣೆ ಅಸಹಜವಲ್ಲ.

ಆದರೆ ಉತ್ತರ ನಮ್ಮ ಪ್ರಸಾದನಿಲಯದಲ್ಲಿಯೇ ಇದೆ. ಪಂಕ್ತಿ ಒಂದೇ, ಪ್ರಸಾದ ಒಂದೇ. ಆದರೂ ಬಡಿಸುವವನು ಆರು ವರ್ಷದ ಬಾಲಕನಿಗೂ ಹದಿನಾರರ ತರುಣನಿಗೂ ಒಂದೇ ಅಳತೆಯಲ್ಲಿ ನೀಡುವನೆ? ಸಾಲು ಎಷ್ಟೇ ಉದ್ದವಿರಲಿ, ಎಲೆಯನ್ನು ನೋಡಿ, ಕೇಳಿ ಬಡಿಸುತ್ತಾನೆ. ಸಮತೆಯೆಂದರೆ ಸಮನಾದ ಅಳತೆಯಲ್ಲ. ಯಾರೂ ಹಸಿದು ಏಳದಂತೆ ನೋಡಿಕೊಳ್ಳುವುದು. ಪಾಠವನ್ನು ಮಾತ್ರ ನಾವು ಒಂದೇ ಸೌಟಿನಿಂದ ಸುರಿಯುತ್ತೇವೆ. ಉಣ್ಣಲಾರದ ಮಗುವನ್ನು ದಡ್ಡನೆನ್ನುತ್ತೇವೆ.

2009ರ ಶಿಕ್ಷಣ ಹಕ್ಕು ಕಾಯಿದೆ, 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಶಾಲೆಯ ಬಾಗಿಲನ್ನು ತೆರೆದಿವೆ. ಒಳಗೆ ಬಂದ ಮಗುವಿಗೆ ಎಲೆ ಹಾಕುವ ಕೆಲಸ ಕಾಯಿದೆಯದಲ್ಲ, ನಮ್ಮದು.

ಮಠದ ಋಣ ಹೊತ್ತ ಹಳೆಯ ವಿದ್ಯಾರ್ಥಿಗಳೇ, ಕಲಿತ ಶಾಲೆಗೆ ಕೊಠಡಿ ಕಟ್ಟಿಸಿಕೊಡುವುದು ಸ್ತುತ್ಯವಾದುದೇ. ಆದರೆ ಮುಂದಿನ ಸಲ ಹೋದಾಗ ಉತ್ತೀರ್ಣರ ಸಂಖ್ಯೆಯನ್ನು ಕೇಳುವ ಮೊದಲು ಕೊನೆಯ ಬೆಂಚಿನ ಬಳಿ ಒಂದು ಗಳಿಗೆ ಕುಳಿತುಕೊಳ್ಳಿರಿ. ಅಲ್ಲಿರುವ ಮಗುವಿನ ಮಾತನ್ನು ಪೂರ್ತಿಯಾಗಿ ಆಲಿಸಿರಿ. ಈ ಗ್ರಂಥವನ್ನು ಓದಿದುದರ ಫಲ ಅಷ್ಟೇ ಆದರೂ ಸಾರ್ಥಕವೇ ಸರಿ.