ಪುತ್ತೂರಿನಿಂದ ಇಂಫಾಲದವರೆಗೆ

ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿದರೆ ಮುಂದೇನು ಎಂದು ಕೇಳುವ ಪುತ್ತೂರು, ಸುಳ್ಯ, ಕಡಬದ ಮಕ್ಕಳಿಗೆ ಡಿ.ಎನ್. ಶಂಕರ ಭಟ್ಟರ ಪುಸ್ತಕಗಳನ್ನು ತೋರಿಸಬೇಕು. ಪುತ್ತೂರು ಸೀಮೆಯ ಈ ವಿದ್ವಾಂಸರು ಬರೆದ ತುಳುವಿನ ವಿವರಣಾತ್ಮಕ ಅಧ್ಯಯನವನ್ನು ಪುಣೆಯ ಡೆಕ್ಕನ್ ಕಾಲೇಜು 1967ರಲ್ಲಿ ಪ್ರಕಟಿಸಿತು. ಅದರ ಬೆನ್ನಿಗೇ ಬೋಡೋ ಮತ್ತು ತಾಂಗ್‌ಖುಲ್ ನಾಗಾ ಪದಕೋಶಗಳು, 1971ರಲ್ಲಿ ಕೊರಗ ಭಾಷೆಯ ಪುಸ್ತಕ, ಮುಂದೆ ಇಂಫಾಲದಲ್ಲಿ ಅಧ್ಯಾಪನ, ಮಣಿಪುರಿ ವ್ಯಾಕರಣ.

2004ರಲ್ಲಿ ಆಕ್ಸ್‌ಫರ್ಡ್ ಹೊರತಂದ ಸರ್ವನಾಮಗಳ ಅಧ್ಯಯನವೇ ನನ್ನ ಮಟ್ಟಿಗೆ ಅವರ ಶ್ರೇಷ್ಠ ಕೃತಿ. ‘ನಾನು, ನೀನು’ ಒಂದು ಬಗೆ, ‘ಅವನು, ಇವನು, ಯಾವನು’ ಬೇರೆಯೇ ಬಗೆ. ಮೂರು ಪುರುಷಗಳ ಒಂದೇ ಪಟ್ಟಿ ಎಲ್ಲ ಭಾಷೆಗೂ ಹೊಂದುವುದಿಲ್ಲ ಎಂದು ಇನ್ನೂರಕ್ಕೂ ಹೆಚ್ಚು ಭಾಷೆಗಳನ್ನು ಎದುರಿಗಿಟ್ಟು ಅವರು ವಾದಿಸುತ್ತಾರೆ. ಇಂಥ ಕಣ್ಣಿಗೆ ನಮ್ಮ ಊರೇ ಒಳ್ಳೆಯ ಪಾಠಶಾಲೆ. ಕೇಳುವವರನ್ನು ಸೇರಿಸಿಕೊಂಡರೆ ‘ನಮ’, ಬಿಟ್ಟರೆ ‘ಎಂಕುಳು’ ಎಂದು ತುಳು ಮಾತಾಡುವ ಮಗು ತಪ್ಪದೆ ಹೇಳುತ್ತದೆ. ಶಾಲೆಯ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಹವ್ಯಕರ ಮನೆಯಲ್ಲಿ ಅಮ್ಮ ‘ಬಂದಳು’ ಅಲ್ಲ, ‘ಬಂತು’. ಬಾಯಲ್ಲಿ ಆಗಲೇ ಇರುವ ಈ ಜ್ಞಾನಕ್ಕೆ ಕಾರಣ ಕೇಳುವುದನ್ನು ಕಲಿಸುವ ತರಗತಿ ಭಾಷಾವಿಜ್ಞಾನದ್ದೊಂದೇ.

ಆದರೂ ನನ್ನದೊಂದು ತಕರಾರಿದೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂಬ ಭಟ್ಟರ ನಿಲುವು ಗಟ್ಟಿಯಾದದ್ದು. ಆದರೆ ಅವರ ‘ಸೊಲ್ಲರಿಮೆ’ ವ್ಯಾಕರಣದ ಸಂಪುಟಗಳಲ್ಲಿ ಹೊಸದಾಗಿ ಕಟ್ಟಿದ ಪಾರಿಭಾಷಿಕ ಪದಗಳು ಎಷ್ಟು ದಟ್ಟವಾಗಿವೆಯೆಂದರೆ, ಆ ವಿಚಾರ ಯಾರಿಗೆ ಬೇಕಿತ್ತೋ ಆ ಹೈಸ್ಕೂಲು ಮೇಷ್ಟ್ರೇ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಇನ್ನು ಕೊರಗರ ನುಡಿಯ ಪುಸ್ತಕ ಇರುವುದು ಇಂಗ್ಲಿಷಿನಲ್ಲಿ. ಕೋಡಿ ಕುಶಾಲಪ್ಪ ಗೌಡರು ಗೌಡ ಸಮುದಾಯದ ಅರೆಭಾಷೆಯ ಮೇಲೆ ಬರೆದು ಅಣ್ಣಾಮಲೈ ವಿಶ್ವವಿದ್ಯಾಲಯದಿಂದ 1970ರಲ್ಲಿ ಬಂದ ‘ಗೌಡ ಕನ್ನಡ’ವೂ ಇಂಗ್ಲಿಷಿನದೇ. ಮಾತು ಕೊಟ್ಟವರ ಕೈಗೆ ಪುಸ್ತಕ ಮರಳಲಿಲ್ಲ. ಇದು ಇಡೀ ಶಿಸ್ತಿನ ದೊಡ್ಡ ಕೊರತೆ.

ನೌಕರಿಯ ಮಾತು: ನೆಟ್ ಪಾಸಾದರೆ ಅಧ್ಯಾಪನ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಂಥ ಕಡೆ ಸಂಶೋಧನಾ ಯೋಜನೆಗಳು, ನಿಘಂಟು, ಅನುವಾದ, ಈಗ ಕಂಪ್ಯೂಟರಿಗೆ ಭಾಷೆ ಕಲಿಸುವ ಕೆಲಸ. ಯೋಜನೆಗಳಲ್ಲಿ ಬಹಳಷ್ಟು ಗುತ್ತಿಗೆಯವು. ಮನೆಯವರಿಗೆ ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಂಪ್ಯೂಟರಿನ ಕೆಲಸದ ಮಾತಿಗೆ ಬಂದರೆ, 2024ರಲ್ಲಿ ಗೂಗಲ್ ಅನುವಾದಕ್ಕೆ ತುಳು ಸೇರಿದಾಗ ಅರೆಭಾಷೆಯಾಗಲಿ ಕೊರಗ ನುಡಿಯಾಗಲಿ ಜೊತೆಗಿರಲಿಲ್ಲ. ಯಂತ್ರಕ್ಕೆ ಬೇಕಾದದ್ದು ಬಿಡಿ ಪದಗಳಷ್ಟೇ ಅಲ್ಲ, ಹರಿಯುವ ಮಾತು: ಜಗಳ, ಕಥೆ, ತೋಟದ ಕೆಲಸದ ನಡುವಿನ ಹರಟೆ. ಅದನ್ನು ಧ್ವನಿಮುದ್ರಿಸಿ, ಬರೆದು, ಕನ್ನಡದಲ್ಲಿ ವಿವರಿಸಬಲ್ಲವರು ಸುಳ್ಯದ, ಕಡಬದ ಮನೆಗಳಲ್ಲೇ ಇದ್ದಾರೆ. ಪದಪಟ್ಟಿಗೆ ನಿಂತುಬಿಡುವ ಪ್ರಬಂಧಕ್ಕೆ ವಿಶ್ವವಿದ್ಯಾಲಯಗಳು ಇನ್ನು ಪದವಿ ಕೊಡಬಾರದು.