ಕವಡೆಯ ಮಗ್ಗುಲಿನ ಕಾಸು

ಯಾವುದಾದರೊಂದು ವಸ್ತು ನಿಷ್ಪ್ರಯೋಜಕವಾಯಿತೆಂದರೆ ಅದಕ್ಕೆ ಕವಡೆಕಾಸಿನ ಬೆಲೆಯೂ ಇಲ್ಲವೆಂದು ನಾವು ಹೇಳಿಬಿಡುತ್ತೇವೆ. ಆದರೆ ಚಲಾವಣೆ ತಪ್ಪಿದ ಕವಡೆಯನ್ನೂ ಚಲಾವಣೆ ತಪ್ಪಿದ ಕಾಸನ್ನೂ ಆಯ್ದು ತಂದು, ಹಳೆಯ ಬಟ್ಟೆಯ ಚೂರುಗಳ ಮೇಲೆ ಒಂದರ ಮಗ್ಗುಲಲ್ಲೊಂದನ್ನಿಟ್ಟು ಹೊಲಿದು, ಎರಡಕ್ಕೂ ಮೊದಲಿಲ್ಲದ ಶೋಭೆಯನ್ನು ತಂದುಕೊಡುವ ಕಲಾವಿದೆಯರು ಸಂಡೂರು, ಹೊಸಪೇಟೆ ಸೀಮೆಯ ಲಂಬಾಣಿ ತಾಂಡಾಗಳಲ್ಲಿ ತಲೆಮಾರುಗಳಿಂದ ಇದ್ದಾರೆ. ಹಳೆಯ ವಸ್ತ್ರಗಳಲ್ಲಿ ಅಭಿರುಚಿಯುಳ್ಳವರು ಇವರ ಕೃತಿಗಳನ್ನು ಬರಿಯ ಕಸೂತಿಯೆಂದು ಕರೆದು ಸುಮ್ಮನಾಗುವುದು ನನಗೆ ಸರಿಕಾಣದು.

ಕೆಲವು ವರ್ಷಗಳ ಹಿಂದೆ ಹೊಸಪೇಟೆಯ ಸಂತೆಯಲ್ಲಿ ವೃದ್ಧೆಯೊಬ್ಬರಿಂದ ಕೊಂಡ ಗೇಣಗಲದ ತುಂಡೊಂದು ಇದನ್ನು ಬರೆಯುವಾಗ ನನ್ನೆದುರಿನಲ್ಲಿದೆ. ತಳದ ಕೆಂಪು ಬಟ್ಟೆ ಒಗೆತದಿಂದ ಮೆತ್ತಗಾಗಿ ಅಲ್ಲಲ್ಲಿ ಸವೆದಿದೆ. ಸವೆದೆಡೆಯಲ್ಲಿ ಅದರಡಿಯ ನೀಲಿ ಬಟ್ಟೆಯೂ, ಅದಕ್ಕೂ ಅಡಿಯಲ್ಲಿ ಯಾವುದೋ ಪಂಚೆಯ ಅಂಚೂ ಇಣಿಕುತ್ತವೆ. ನಡುವೆ ಒಂದು ತೂತಿನ ಕಾಸು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹವನ್ನುಳಿಸುವ ಸಲುವಾಗಿ ಆಂಗ್ಲ ಸರಕಾರವು 1943ರಿಂದ 1947ರ ವರೆಗೆ ರಂಧ್ರವಿಟ್ಟು ಟಂಕಿಸಿದ ಆ ಕಾಸು, 1957ರಲ್ಲಿ ನಯಾ ಪೈಸೆ ಬಂದಮೇಲೆ ಸಂತೆಯಲ್ಲಿ ತನ್ನ ಸ್ಥಾನವನ್ನು ಕಳೆದುಕೊಂಡಿತು. ಯುದ್ಧದ ಅಭಾವ ಕೊರೆದ ಆ ರಂಧ್ರವೇ ಈಗ ಸೂಜಿಗೆ ದಾರಿಯಾಗಿ, ಹಳದಿ ನೂಲು ನಾಲ್ಕು ದಿಕ್ಕಿಗೂ ಹಾಯ್ದು ಕಾಸನ್ನು ಹೂವಾಗಿಸಿದೆ. ಸುತ್ತಲೂ ಕವಡೆಗಳು, ಅವೂ ಒಂದು ಕಾಲಕ್ಕೆ ಮಾಲ್ದೀವಿನ ಕಡಲಿನಿಂದ ಬಂದು ವಂಗದೇಶದ ಪೇಟೆಗಳಲ್ಲಿ ಹಣವಾಗಿ ನಡೆದಂಥವು. ಮೂಲೆಯ ಕನ್ನಡಿಚೂರು ಊದಿದ ಗಾಜಿನ ಗೋಳವನ್ನೊಡೆದು ತೆಗೆದದ್ದಾದುದರಿಂದ ಕೊಂಚ ಉಬ್ಬಿದೆ. ಇಣಿಕಿ ನೋಡಿದರೆ ನಮ್ಮ ಕಣ್ಣೇ ಒಂದು ಮಗ್ಗುಲಿಗೆ ವಾಲಿದಂತೆ ತೋರುತ್ತದೆ. ಯಂತ್ರದಲ್ಲಿ ಕತ್ತರಿಸಿದ ಇಂದಿನ ಬಿಲ್ಲೆಯಲ್ಲಿ ಈ ಉಬ್ಬು ಇರದು. ಹಳೆಯದನ್ನು ಗುರುತಿಸಬಯಸುವವರು ಮೊದಲು ನೋಡಬೇಕಾದದ್ದು ಇದನ್ನೇ.

ಎತ್ತುಗಳ ಬೆನ್ನ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ದಂಡುಗಳಿಗೂ ಸಂತೆಗಳಿಗೂ ಒದಗಿಸುತ್ತ ದೇಶ ಸಂಚರಿಸಿದ ಲಂಬಾಣಿ ಜನ, ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದು ಆ ವ್ಯಾಪಾರ ಮುರಿದುಬಿದ್ದ ಮೇಲೆ ತಾಂಡಾಗಳಲ್ಲಿ ನೆಲೆಯೂರಿದರು. ಅಲೆದಾಟದ ಬಾಳಿನಲ್ಲಿ ಹೆಣ್ಣಿಗೆ ಮೈಮೇಲಿನ ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆಗಳೇ ಭಂಡಾರವಾಗಿದ್ದುವು. ಒಂದು ಹರಿದರೆ ಅದರ ಗಟ್ಟಿಯಾದ ಭಾಗ ಮತ್ತೊಂದಕ್ಕೆ ಸೇರುತ್ತಿತ್ತು. ಆಕೆಯ ಕತ್ತರಿ ಹೊಲಿಗೆ ಮುಗಿದಲ್ಲಿಗೆ ನಿಲ್ಲುತ್ತದೆ. ಪ್ರವಾಸಿಗಳಿಗೆಂದು ಹಳೆಯ ಫೇಟಿಯಾಗಳನ್ನು ಕತ್ತರಿಸಿ ಚೀಲ ಮಾಡುವ ವ್ಯಾಪಾರಿಗೆ ಆ ದಾಕ್ಷಿಣ್ಯವಿಲ್ಲ. ಹಂಪಿಯಲ್ಲಿ ಕಂಡ ಚೀಲವೊಂದರಲ್ಲಿ, ಯಾವಳೋ ತಾಯಿ ತಿಂಗಳುಗಟ್ಟಲೆ ಕೂತು ಹೊಲಿದಿದ್ದ ಚಕ್ರವನ್ನು ನಟ್ಟನಡುವೆ ಸೀಳಿದ್ದುದನ್ನು ನೋಡಿ ನನಗಾದ ವ್ಯಥೆ ಇನ್ನೂ ಆರಿಲ್ಲ.

ಸಂಡೂರಿನ ಕುಶಲ ಕಲಾ ಕೇಂದ್ರವು ಈ ವಿದ್ಯೆಯನ್ನು ಉಳಿಸಿಕೊಂಡು ಬಂದಿರುವುದು ಸಮಾಧಾನದ ಸಂಗತಿ. 2010ರಲ್ಲಿ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರ ಜುಲೈಯಲ್ಲಿ, ಜಿ-20ರ ಸಂಸ್ಕೃತಿ ಸಭೆಯ ಸಂದರ್ಭದಲ್ಲಿ, 450ಕ್ಕೂ ಹೆಚ್ಚು ಮಹಿಳೆಯರು ಹೊಲಿದ 1,755 ತುಂಡುಗಳನ್ನು ಹಂಪಿಯಲ್ಲಿ ಪ್ರದರ್ಶಿಸಿದುದು ಗಿನ್ನೆಸ್ ದಾಖಲೆಯಾಯಿತು. ನಾನು ನೋಡಿದ ಹೊಸ ಕೆಲಸದಲ್ಲಿ ಕೈ ಬಹಳ ಅಚ್ಚುಕಟ್ಟಾಗಿದೆ. ಬಳಸಿ ಸವೆದ ವಸ್ತುವಿನ ಸಹವಾಸ ಮಾತ್ರ ಕಡಿಮೆ. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರು ಮೋಟಾರು ಬಂಪರುಗಳನ್ನು ಕೂದಲ ಹಗ್ಗದಲ್ಲಿ ತೂಗಿಬಿಟ್ಟ ಕೃತಿಯನ್ನು 2009ರ ವೆನಿಸ್ ಬಿನಾಲೆಯಲ್ಲಿ ಲೋಕವು ಯಾವ ಗೌರವದಿಂದ ನೋಡಿತೋ, ತಾಂಡಾದ ಹಳೆಯ ಬಟ್ಟೆಯನ್ನೂ ಅದೇ ಗೌರವದಿಂದ ನೋಡಬೇಕೆಂಬುದು ನನ್ನ ಹಂಬಲ.

ನನ್ನ ತುಂಡಿನ ಕವಡೆಗಳ ಸಾಲಿನಲ್ಲಿ ಒಂದು ಜಾಗ ಖಾಲಿಯಾಗಿದೆ. ಹಣವನ್ನು ಎಣಿಸಿ ಸೆರಗಿಗೆ ಕಟ್ಟಿಕೊಂಡ ಬಳಿಕ ಆ ವೃದ್ಧೆ, “ಇದೊಂದ್ ನನಗಿರ್ಲಿ ಅಣ್ಣಾ, ಮೊಮ್ಮಗಳ ಬಟ್ಟಿಗೆ ಬೇಕು” ಎಂದು ಹಲ್ಲಿನಿಂದ ನೂಲನ್ನು ಕಡಿದು ಒಂದು ಕವಡೆಯನ್ನು ಬಿಡಿಸಿಕೊಂಡರು. ಆ ನೂಲಿನ ತುದಿಗಳನ್ನು ನಾನು ಹಾಗೆಯೇ ಬಿಟ್ಟಿದ್ದೇನೆ.