ಮನೆಯ ಛಾಯಾಚಿತ್ರಗಳಲ್ಲಿ ಸ್ವಭಾವೋಕ್ತಿ

ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ಉತ್ತರಕ್ರಿಯೆಯ ದಿನದೊಳಗಾಗಿ ಒಂದು ಪಟ ಬೇಕಾಗುತ್ತದೆ. ಆಗ ಹುಡುಕಾಟ ಮೊದಲಾಗುತ್ತದೆ. ಮಗನ ಮೊಬೈಲಿನಲ್ಲಿ ಸಾವಿರಗಟ್ಟಲೆ ಚಿತ್ರಗಳಿರುತ್ತವೆ. ಸೊಸೆಯದರಲ್ಲಿ ಅದಕ್ಕೂ ಹೆಚ್ಚು. ಆದರೂ ಕಟ್ಟಕಡೆಗೆ ಯಾವುದೋ ಮದುವೆಯ ಗುಂಪಿನ ಚಿತ್ರದಿಂದ, ಪಕ್ಕದವರ ಹೆಗಲನ್ನು ಕತ್ತರಿಸಿ, ಜರಿಯ ಸೀರೆಯುಟ್ಟು ಬಿಗಿದುಕೊಂಡು ನಿಂತ ಒಂದು ಮುಖವನ್ನು ದೊಡ್ಡದು ಮಾಡಿಸಿ ತರುತ್ತಾರೆ. ಮೊಮ್ಮಗು ಅದನ್ನು ನೋಡಿ “ಅಜ್ಜಿ ಹೀಗಿರಲಿಲ್ಲ” ಎನ್ನುತ್ತದೆ. ಮಗುವಿನ ಬಾಯಿಂದ ಬಂದುದಾದರೂ ಇದು ವಿಮರ್ಶೆಯ ಮಾತು. ಮುಖದ ಅಚ್ಚು ಅಜ್ಜಿಯದೇ ಆಗಿದ್ದರೂ ಅಜ್ಜಿ ಅದರಲ್ಲಿ ಇಲ್ಲ. ಇಷ್ಟೊಂದು ಚಿತ್ರಗಳ ನಡುವೆ ಆಕೆ ತಪ್ಪಿಹೋದುದು ಹೇಗೆಂಬುದು ವಿಚಾರಮಾಡತಕ್ಕ ವಿಷಯ.

ಮೊದಲಲ್ಲಿ ಈ ಬಿಗಿತಕ್ಕೆ ಕಾರಣವಿತ್ತು. 1839ರಲ್ಲಿ ಡಾಗೇರನ ವಿಧಾನ ಪ್ರಕಟವಾದಾಗ ತಗಡಿನ ಮೇಲೆ ಬಿಂಬ ಮೂಡುವುದಕ್ಕೆ ನಿಮಿಷಗಳೇ ಹಿಡಿಯುತ್ತಿದ್ದುವು. ಕುಳಿತವರು ಅಲುಗಬಾರದೆಂದು ಕುರ್ಚಿಯ ಹಿಂದೆ ಕಬ್ಬಿಣದ ಕವೆಯೊಂದನ್ನು ನಿಲ್ಲಿಸಿ ತಲೆಗೆ ಆಸರೆ ಕೊಡುತ್ತಿದ್ದರು. ಅಷ್ಟು ಹೊತ್ತು ನಗುವನ್ನು ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗದು. ಆದುದರಿಂದ ಹಳೆಯ ಪಟಗಳಲ್ಲಿ ಎಲ್ಲರೂ ನ್ಯಾಯಾಧೀಶರಂತೆ ಕಾಣುತ್ತಾರೆ. 1888ರ ಕೊಡ್ಯಾಕ್ ಪೆಟ್ಟಿಗೆಯೂ 1900ರ ಬ್ರೌನಿಯೂ ಬಂದು ಈ ಕಷ್ಟ ಬಹುಮಟ್ಟಿಗೆ ತೊಲಗಿತು. ಮೊಬೈಲಿನಲ್ಲಿಯಂತೂ ಬೆಳಕು ಸಾಕಷ್ಟಿದ್ದರೆ ಸೆಕೆಂಡಿನ ನೂರನೆಯ ಒಂದು ಪಾಲೂ ಬೇಕಾಗಿಲ್ಲ. ಕಬ್ಬಿಣದ ಕವೆ ಹೋಗಿ ನೂರು ವರ್ಷಗಳ ಮೇಲಾಯಿತು. ಆದರೆ “ಎಲ್ಲರೂ ಇಲ್ಲಿ ನೋಡಿ, ಸ್ವಲ್ಪ ನಗಿ” ಎಂಬ ಮಾತು ಅದರ ಕೆಲಸವನ್ನೇ ಮಾಡುತ್ತಿದೆ. ಮೂರು ವರ್ಷದ ಕೂಸು ಕೂಡ ಮೊಬೈಲು ಮೇಲೆದ್ದ ಕೂಡಲೇ ಆಟವನ್ನು ನಿಲ್ಲಿಸಿ, ಎರಡು ಬೆರಳೆತ್ತಿ, ಹಲ್ಲು ಕಿರಿಯಲು ಕಲಿತಿದೆ. ಕಲಿಸಿದವರು ಹೆತ್ತವರೇ.

ಇದ್ದುದನ್ನು ಇದ್ದ ಹಾಗೆ ಹಿಡಿಯುವ ಕಲೆಗೆ ಅಲಂಕಾರಶಾಸ್ತ್ರದಲ್ಲಿ ಹೆಸರು ಸಿದ್ಧವಾಗಿಯೇ ಇದೆ: ಸ್ವಭಾವೋಕ್ತಿ. ದಂಡಿಯು ಅದಕ್ಕೆ ಜಾತಿಯೆಂಬ ಮತ್ತೊಂದು ಹೆಸರನ್ನೂ ಹೇಳಿ, ಅಲಂಕಾರಗಳ ಸಾಲಿನಲ್ಲಿ ಮೊದಲನೆಯದಾಗಿ ಎಣಿಸಿದನು. ಮಮ್ಮಟನು ಕಾವ್ಯಪ್ರಕಾಶದಲ್ಲಿ ಅದರ ಲಕ್ಷಣವನ್ನು ಕೊಡುವಾಗ, ಮಕ್ಕಳೇ ಮೊದಲಾದವರ ಸಹಜವಾದ ಕ್ರಿಯೆಯನ್ನೂ ರೂಪವನ್ನೂ ವರ್ಣಿಸುವುದೆಂದು ವಿವರಿಸುತ್ತಾನೆ. ಆ ಲಾಕ್ಷಣಿಕನಿಗೆ ಇಲ್ಲಿ ಮೊದಲು ನೆನಪಾದವನು ರಾಜನಲ್ಲ, ವೀರನಲ್ಲ, ಮಗು. ಮನೆಯ ಚಿತ್ರ ತೆಗೆಯುವವರು ಇದನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು.

ಆದರೆ ಶಾಸ್ತ್ರಕಾರರೆಲ್ಲರೂ ಇದನ್ನು ಒಪ್ಪಲಿಲ್ಲ. ಭಾಮಹನು ಸ್ವಭಾವೋಕ್ತಿಯನ್ನು ಕೆಲವರ ಮತವೆಂದಷ್ಟೇ ಹೇಳುತ್ತಾನೆ. ಮತ್ತೊಂದು ಕಡೆ, ಹೊತ್ತು ಮುಳುಗಿತೆಂಬಂಥ ಸಂಗತಿಯನ್ನು ಸುಮ್ಮನೆ ವರದಿಮಾಡುವ ಮಾತು ಕಾವ್ಯವೇ ಅಲ್ಲ, ಅದು ವಾರ್ತೆ ಎಂದು ತಳ್ಳಿಹಾಕುತ್ತಾನೆ. ಕುಂತಕನ ಆಕ್ಷೇಪ ಇನ್ನೂ ಹರಿತವಾದುದು: ಸ್ವಭಾವವೇ ಒಡವೆಯಾದರೆ ಒಡವೆಯನ್ನು ತೊಡತಕ್ಕ ಮೈ ಯಾವುದು? ಈ ಆಕ್ಷೇಪಗಳನ್ನು ಬದಿಗೊತ್ತಲಾಗದು. ಏಕೆಂದರೆ ಮೊಬೈಲಿನಲ್ಲಿ ತುಂಬಿರುವುದರಲ್ಲಿ ಬಹುಪಾಲು ವಾರ್ತೆಯೇ. ಮಗು ಉಂಡಿತು, ನಾದಿನಿ ಬಂದಳು, ಕೇಕು ಕತ್ತರಿಸಿದ್ದಾಯಿತು. ಯಾರಿಗೂ ತಿಳಿಯದ ಹಾಗೆ ತೆಗೆದ ಮಾತ್ರಕ್ಕೆ ಚಿತ್ರ ಒಳ್ಳೆಯದಾಗುವುದಿಲ್ಲ. ಬಾಯಲ್ಲಿ ತುತ್ತಿಟ್ಟುಕೊಂಡು ಕಣ್ಣು ಅರ್ಧ ಮುಚ್ಚಿದವರ ಚಿತ್ರವೂ ‘ಸಹಜ’ವೇ, ಅದನ್ನು ಯಾರು ಮೆಚ್ಚುತ್ತಾರೆ? ಒಬ್ಬರಿಗೆ ಮಾತ್ರ ಸೇರಿದ, ಅವರನ್ನು ಬಲ್ಲವರಿಗೆ ಕೂಡಲೇ ಗುರುತು ಸಿಕ್ಕುವ ಒಂದು ಚರ್ಯೆ ಸಿಕ್ಕಿದಾಗ ವಾರ್ತೆಯು ಸ್ವಭಾವೋಕ್ತಿಯಾಗುತ್ತದೆ. ತಾತ ಪತ್ರಿಕೆ ಓದುವಾಗ ಕನ್ನಡಕವನ್ನು ಹಣೆಯ ಮೇಲೇರಿಸಿ ಅದನ್ನೇ ಮೇಜಿನ ಮೇಲೆ ತಡಕುವುದು. ಅಕ್ಕ ಲೆಕ್ಕ ಬಿಡಿಸುವಾಗ ಜಡೆಯ ತುದಿಯನ್ನು ಕಚ್ಚುವುದು. ಇಂಥದನ್ನು ಯಂತ್ರ ಹುಡುಕಿಕೊಡದು. ಜೊತೆಯಲ್ಲಿ ಬಾಳಿದವರಿಗೆ ಮಾತ್ರ ಗೊತ್ತು. ಈ ಒಂದು ವಿಷಯದಲ್ಲಿ ಮನೆಯ ಹವ್ಯಾಸಿಯು ದೊಡ್ಡ ದೊಡ್ಡ ಕಲಾವಿದರಿಗಿಂತ ಅನುಕೂಲಸ್ಥ.

ಫ್ರಾನ್ಸಿನ ಲಾರ್ತೀಗ್ ಇದಕ್ಕೆ ನಿದರ್ಶನ. 1894ರಲ್ಲಿ ಹುಟ್ಟಿದ ಈತನು ಇನ್ನೂ ಹುಡುಗನಾಗಿದ್ದಾಗಲೇ ಕ್ಯಾಮೆರಾ ಹಿಡಿದು, ಅಣ್ಣನು ಹಾರುವ ಯಂತ್ರಗಳನ್ನು ಕಟ್ಟಿ ಕೆಡಹುವುದನ್ನೂ ಬಂಧುವಿನ ಮನೆಯ ಹುಡುಗಿ ಮೆಟ್ಟಲಿನ ಮೇಲಿಂದ ನೆಗೆಯುವುದನ್ನೂ ತೆಗೆದನು. ಲೋಕವು ಆ ಚಿತ್ರಗಳನ್ನು ಕಲೆಯೆಂದು ಕಂಡುದು 1963ರ ನ್ಯೂಯಾರ್ಕಿನ ಪ್ರದರ್ಶನದಲ್ಲಿ. ಅಷ್ಟರಲ್ಲಿ ಆತನಿಗೆ ಎಪ್ಪತ್ತು ಸಮೀಪಿಸಿತ್ತು. ತೆಗೆದಾಗ ಅವು ಮನೆಯ ಚಿತ್ರಗಳು, ಅಷ್ಟೆ. ಮೈಸೂರಿನವರಾದ ಟಿ. ಎಸ್. ಸತ್ಯನ್ ಅವರದು ಇದಕ್ಕಿಂತ ಕಷ್ಟದ ದಾರಿ. ಅವರು ಅಪರಿಚಿತರ ಮನೆಯಂಗಳದಲ್ಲಿ ಮಕ್ಕಳನ್ನು ಹಿಡಿಯಬೇಕಾಗಿತ್ತು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳನ್ನು ಯೂನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿತು. ಹೊರಗಿನವರಾಗಿ ಅವರು ತಾಳ್ಮೆಯಿಂದ ಗಳಿಸಬೇಕಾಗಿದ್ದ ಸಲಿಗೆ ತಂದೆತಾಯಿಗಳಿಗೆ ಹುಟ್ಟಿನಿಂದಲೇ ದೊರೆತಿದೆ. ಅದನ್ನು “ಇಲ್ಲಿ ನೋಡು” ಎಂಬ ಒಂದು ಕೂಗಿನಿಂದ ಕಳೆದುಕೊಳ್ಳುವುದು ವಿಷಾದಕರ.

ಹಾಗಾದರೆ ಉಪಾಯವೇನು? ಕೈಗೆ ಕೆಲಸ ಕೊಡುವುದಕ್ಕಿಂತ ಉತ್ತಮವಾದ ಉಪಾಯವಿಲ್ಲ. ಪುಷ್ಯಮಾಸದ ಸುಮಾರಿಗೆ ಹಳೆಯ ಮೈಸೂರಿನ ಮನೆಗಳಲ್ಲಿ ಅವರೇಕಾಯಿ ರಾಶಿಬಿದ್ದಾಗ ಎಲ್ಲರೂ ಸುಲಿಯಲು ಕೂರುತ್ತಾರೆ. ನೆನೆಹಾಕಿದ ಕಾಳನ್ನು ಹಿದುಕುವಾಗ ಅದು ಚಿಮ್ಮಿ ಎದುರಿನವರ ಮೂಗಿಗೆ ಬಡಿಯುತ್ತದೆ. ಆ ಹೊತ್ತಿನಲ್ಲಿ ಯಾರಿಗೂ ತಮ್ಮ ಮುಖದ ನೆನಪಿರುವುದಿಲ್ಲ. ಹೂ ಕಟ್ಟುವುದು, ಹಪ್ಪಳ ಲಟ್ಟಿಸುವುದು, ಜಡೆ ಹಾಕುವುದು, ಎಲ್ಲವೂ ಇಂಥವೇ. ಚಿತ್ರ ತೆಗೆಯುವವರೂ ಮೊದಲು ಆ ಗುಂಪಿನಲ್ಲಿ ಕುಳಿತು ನಾಲ್ಕು ಕಾಯಿ ಸುಲಿಯಬೇಕು. ಮೊದಲ ಐದು ನಿಮಿಷ ಮೊಬೈಲು ಕಂಡರೆ ಎಲ್ಲರೂ ಸೆರಗು ಸರಿಮಾಡಿಕೊಳ್ಳುತ್ತಾರೆ. ಹತ್ತನೆಯ ನಿಮಿಷಕ್ಕೆ ಅದೂ ಒಂದು ಪಾತ್ರೆಯೆಂಬಂತೆ ಮರೆತುಬಿಡುತ್ತಾರೆ. ಗುಂಡಿಯನ್ನು ಒತ್ತತಕ್ಕ ಕಾಲ ಅದು. ಪರದೆಯನ್ನು ಮುಟ್ಟಲು ಕೈ ಚಾಚಿದರೆ ಎಲ್ಲರ ಗಮನ ತಿರುಗುತ್ತದೆ. ಧ್ವನಿ ಹೆಚ್ಚುಕಡಮೆಮಾಡುವ ಪಕ್ಕದ ಗುಂಡಿಯನ್ನು ಒತ್ತಿದರೂ ಹೆಚ್ಚಿನ ಮೊಬೈಲುಗಳಲ್ಲಿ ಚಿತ್ರ ಬರುತ್ತದೆ.

ಬೆಳಕಿನ ವಿಷಯದಲ್ಲಿ ಮೊಬೈಲು ಬಡವ. ಅದರ ಮಸೂರ ಅವರೇಕಾಳಿಗಿಂತ ದೊಡ್ಡದಲ್ಲ. ಬೆಳಕನ್ನು ಕುಡಿಯುವ ಶಕ್ತಿ ಅಷ್ಟಕ್ಕಷ್ಟೆ. ಮಂದವಾದ ನಡುಮನೆಯಲ್ಲಿ ಅದು ಕಣ್ಣನ್ನು ಹೆಚ್ಚು ಹೊತ್ತು ತೆರೆದಿಟ್ಟುಕೊಳ್ಳುತ್ತದೆ. ಓಡುವ ಮಗು ಹೊಗೆಯ ಎಳೆಯಾಗುತ್ತದೆ. ಇರುಳಿನ ಚಿತ್ರಗಳಿಗೆಂದು ಮಾಡಿರುವ ಏರ್ಪಾಟು ಹಲವು ಬಿಂಬಗಳನ್ನು ಒಂದರ ಮೇಲೊಂದು ಕೂಡಿಸಿ ಬೆಳಕನ್ನು ಒಟ್ಟುಮಾಡತಕ್ಕದ್ದು. ಮಲಗಿದ ಮಗುವಿಗೆ ಅದು ಸರಿ, ಎಚ್ಚರವಾಗಿರುವ ಮಗುವಿಗೆ ನಿರುಪಯೋಗಿ. ಫ್ಲ್ಯಾಷಿನ ಬೆಳಕಂತೂ ಮುಖಕ್ಕೆ ಸುಣ್ಣ ಬಳಿದು ಹಿಂದಿನ ಮನೆಯನ್ನೆಲ್ಲ ಕತ್ತಲೆಗೆ ದೂಡುತ್ತದೆ. ಆದುದರಿಂದ ಕೆಲಸವನ್ನೇ ಕಿಟಕಿಯ ಬಳಿಗೆ ಸರಿಸುವುದು ಲೇಸು. ಕಿಟಕಿ ಪಕ್ಕಕ್ಕಿದ್ದರೆ ಮುಖದ ಒಂದು ಮಗ್ಗುಲು ಬೆಳಗಿ ಇನ್ನೊಂದರಲ್ಲಿ ನೆರಳು ನಿಂತು ಸುಕ್ಕುಗಳಿಗೆ ಜೀವ ಬರುತ್ತದೆ. ಕಿಟಕಿ ಹಿಂದಕ್ಕಾದರೆ ಮುಖ ಕಪ್ಪಾಗುವುದು. ಪರದೆಯ ಮೇಲೆ ಆ ಮುಖವನ್ನೇ ಬೆರಳಿಂದ ಮುಟ್ಟಿದರೆ ಯಂತ್ರವು ಅದರ ಬೆಳಕನ್ನು ಅಳೆದು ತಿದ್ದಿಕೊಳ್ಳುತ್ತದೆ. ಎಲ್ಲಕ್ಕೂ ಮೊದಲು ಮಸೂರವನ್ನು ಮೆತ್ತನೆಯ ಬಟ್ಟೆಯಿಂದ ಒರೆಸತಕ್ಕದ್ದು. ಅಡುಗೆಮನೆಯ ಎಣ್ಣೆಯ ಕೈ ತಾಗಿದ ಮಸೂರದಲ್ಲಿ ದೀಪಗಳೆಲ್ಲ ಮಂಜು ಕವಿದಂತೆ ಕಾಣುತ್ತವೆ. ಅನೇಕರು ಇದನ್ನು ಮೊಬೈಲಿನ ಮುಪ್ಪೆಂದು ತಿಳಿದು ಹೊಸದನ್ನು ಕೊಳ್ಳುತ್ತಾರೆ.

ದೂರದ ಲೆಕ್ಕವೂ ಉಂಟು. ಮೊಬೈಲಿನ ಮುಖ್ಯ ಮಸೂರ ಅಗಲವಾದ ನೋಟದ್ದು. ಇಡೀ ಮುಖ ತುಂಬಲೆಂದು ಒಂದು ಮೊಳದ ಹತ್ತಿರಕ್ಕೆ ಹೋದರೆ ಮೂಗು ಉಬ್ಬಿ ಕಿವಿಗಳು ಹಿಂದೆ ಸರಿಯುತ್ತವೆ. ಇದು ಸಮೀಪದ ದೋಷ, ಮುಖದ್ದಲ್ಲ. ಐದಾರು ಅಡಿ ಹಿಂದೆ ನಿಂತು, ಎರಡರಷ್ಟು ಹತ್ತಿರ ತೋರಿಸುವ ಗುರುತನ್ನು ಒತ್ತಿದರೆ ಮುಖ ತನ್ನ ಅಳತೆಗೆ ಬರುತ್ತದೆ. ನೋಡಿಸಿಕೊಳ್ಳುವವರಿಗೂ ಉಸಿರಾಡಲು ಜಾಗ ಸಿಕ್ಕುತ್ತದೆ. ಮಕ್ಕಳಿಗಾದರೆ ನೆಲದ ಮೇಲೆ ಕೂರಬೇಕು. ನಿಂತು ತೆಗೆದ ಚಿತ್ರಗಳಲ್ಲಿ ಕಾಣುವುದು ನೆತ್ತಿ ಮಾತ್ರ.

ಕಾಲವನ್ನು ಹಿಡಿಯುವುದರಲ್ಲಿ ಯಂತ್ರ ಬಹಳ ಉದಾರಿ. ಒಂದೇ ಒತ್ತಿನಲ್ಲಿ ಸಾಲಾಗಿ ಹತ್ತಾರು ಬಿಂಬಗಳನ್ನು ಕೊಡುವ ಏರ್ಪಾಟು ಬಹುತೇಕ ಎಲ್ಲದರಲ್ಲಿಯೂ ಇದೆ. ಐಫೋನಿನಲ್ಲಿ 2015ರಿಂದ ಬಂದಿರುವ ಲೈವ್ ಫೋಟೋ ಎಂಬುದು ಗುಂಡಿಯೊತ್ತುವುದಕ್ಕೆ ಮೊದಲಿನ ಒಂದೂವರೆ ಸೆಕೆಂಡನ್ನೂ ಆಮೇಲಿನ ಅಷ್ಟನ್ನೂ ಉಳಿಸಿಕೊಂಡಿರುತ್ತದೆ. ಕೈ ತಡವಾದರೂ ನಗು ತಪ್ಪಿಹೋಗದು. ಆದರೆ ಕಷ್ಟ ಪ್ರಾರಂಭವಾಗುವುದು ಇಲ್ಲಿಯೇ. ಹತ್ತರಲ್ಲಿ ಒಂದನ್ನು ಆರಿಸಿ ಒಂಬತ್ತನ್ನು ಅಳಿಸುವವರು ಎಷ್ಟು ಮಂದಿ? ಕುಂತಕನಿಗೆ ಉತ್ತರವಿರುವುದು ಈ ಆಯ್ಕೆಯಲ್ಲಿ. ಸ್ವಭಾವವು ಎಲ್ಲರ ಮುಂದೂ ಇದೆ. ಅದರಲ್ಲಿ ಯಾವ ಕ್ಷಣವನ್ನು ಇಟ್ಟುಕೊಳ್ಳಬೇಕೆಂಬ ತೀರ್ಪು ಚಿತ್ರಗ್ರಾಹಕನದು. ಆರಿಸದೆ ಎಲ್ಲವನ್ನೂ ಇಟ್ಟುಕೊಂಡವನ ಬಳಿ ಚಿತ್ರಗಳಿಲ್ಲ, ಸಾಮಗ್ರಿ ಇದೆ. ಆಯ್ಕೆಯಾದ ಮೇಲೆ ಚರ್ಮವನ್ನು ನುಣುಪುಮಾಡುವ ಸೌಂದರ್ಯದ ಉಪಕರಣವನ್ನು ಮುಟ್ಟದಿರುವುದೇ ಒಳ್ಳೆಯದು. ಅಜ್ಜಿಯ ಕೆನ್ನೆಯ ಗೆರೆಗಳನ್ನು ಅಳಿಸಿದ ಚಿತ್ರದ ಬಗ್ಗೆಯೂ ಮೊಮ್ಮಗು ಮೊದಲಿನ ಮಾತನ್ನೇ ಹೇಳೀತು.

ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದನು. ಮನೆಯ ಚಿತ್ರಗಳಲ್ಲಿ ಅದು ಸಜ್ಜನಿಕೆಯ ಪ್ರಶ್ನೆಯೂ ಆಗುತ್ತದೆ. ಎಚ್ಚರವಿಲ್ಲದಾಗ ತೆಗೆದುದನ್ನು ಎಚ್ಚರವಾದ ಮೇಲೆ ತೋರಿಸಿ ಒಪ್ಪಿಗೆ ಪಡೆಯುವುದು ಕ್ರಮ. ನೆರೆತ ಕೂದಲನ್ನು ಬಾಚಿಕೊಳ್ಳುತ್ತ ಕುಳಿತ ಅತ್ತೆಯ ಚಿತ್ರ ಎಷ್ಟೇ ಸೊಗಸಾಗಿರಲಿ, ಅದು ಬಂಧುಗಳ ವಾಟ್ಸಾಪ್ ಗುಂಪಿಗೆ ಹೋಗಬೇಕೋ ಬೇಡವೋ ಎಂಬುದನ್ನು ಆಕೆಯೇ ಹೇಳಬೇಕು. ಹತ್ತು ವರ್ಷದ ಹುಡುಗನಿಗೂ ಈ ಹಕ್ಕುಂಟು. ಬೇಡವೆಂದಾಗ ಅಳಿಸಿದವರ ಮುಂದೆ ಮುಂದಿನ ಸಲ ಯಾರೂ ಬಿಗಿದುಕೊಳ್ಳುವುದಿಲ್ಲ.

ನಿಲ್ಲಿಸಿ ತೆಗೆದ ಚಿತ್ರವೆಲ್ಲ ಸುಳ್ಳೆಂದೂ ಭಾವಿಸಬಾರದು. ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್ಲಳ ತಂದೆ ಉಮ್ರಾವ್ ಸಿಂಗರು ಮಡದಿಮಕ್ಕಳನ್ನೂ ತಮ್ಮನ್ನೂ ಬೇಕೆಂದೇ ಅಣಿಮಾಡಿ ಕೂರಿಸಿ ತೆಗೆದರು; ಆ ಚಿತ್ರಗಳಲ್ಲಿ ಒಂದು ಸಂಸಾರದ ಒಳಮನಸ್ಸು ಕಾಣುತ್ತದೆ. ಅವರು ತಾವೂ ಚಿತ್ರದೊಳಗೆ ಬಂದರೆಂಬುದು ಗಮನಿಸತಕ್ಕ ಅಂಶ. ಏಕೆಂದರೆ ಮನೆಯ ಚಿತ್ರಗಳ ಅತಿ ದೊಡ್ಡ ಲೋಪ ಗೈರುಹಾಜರಿ. ಈಗಿನ ಹಲವು ಮನೆಗಳಲ್ಲಿ ಚಿತ್ರ ತೆಗೆಯುವವಳು ತಾಯಿ. ಹಿಂದಿನ ತಲೆಮಾರಿನಲ್ಲಿ ಚಿತ್ರ ತೆಗೆಯುವಾಗ ಒಲೆಯ ಮುಂದೆ ಇದ್ದವಳೂ ತಾಯಿ. ಎರಡು ರೀತಿಯಿಂದಲೂ ಅವಳು ಇಲ್ಲ. ಮಗುವಿನ ಮೊದಲ ವರ್ಷದ ಸಾವಿರ ಚಿತ್ರಗಳಲ್ಲಿ ತಾಯಿಯದು ಒಂದು ಕೈ, ಒಂದು ಸೆರಗಿನ ಅಂಚು.

ಈ ಕೊರತೆಯನ್ನು ತುಂಬಲು ದುಬಾರಿಯಾದ ಸಾಧನವೇನೂ ಬೇಕಿಲ್ಲ. ಎಂಟು ಹತ್ತು ವರ್ಷದ ಮಗುವಿನ ಕೈಗೆ ಮೊಬೈಲನ್ನು ಕೊಟ್ಟು, ಒಂದು ಭಾನುವಾರ ಬೆಳಗ್ಗೆ ಇಷ್ಟಬಂದುದನ್ನು ತೆಗೆಯೆಂದು ಬಿಟ್ಟರೆ ಸಾಕು. ಬಹಳಷ್ಟು ಚಿತ್ರಗಳಲ್ಲಿ ಬೆಕ್ಕಿನ ಬಾಲವೂ ಚಾವಣಿಯ ಫ್ಯಾನೂ ಇರುತ್ತವೆ. ಆದರೆ ಮಗುವಿನ ಮುಂದೆ ಯಾರೂ ಮುಖವನ್ನು ತಿದ್ದಿಕೊಳ್ಳುವುದಿಲ್ಲ. ಅದರ ಕಣ್ಣು ಅಡುಗೆಯ ಕಟ್ಟೆಗಿಂತ ಬಹಳ ಎತ್ತರದಲ್ಲಿರುವುದಿಲ್ಲ. ದೋಸೆಯ ಕಾವಲಿಯ ಹೊಗೆಯ ಆಚೆ, ಒಂದು ಕೈಯಲ್ಲಿ ಸಟ್ಟುಗ ಹಿಡಿದು, “ಇನ್ನೊಂದು ಹಾಕಲೇನೋ?” ಎಂದು ಕೇಳುತ್ತ ಬಾಗಿದ ತಾಯಿಯ ಮುಖವು ಆ ರಾಶಿಯೊಳಗೆ ಎಲ್ಲಿಯೋ ಒಂದು ಕಡೆ ಸಿಕ್ಕುತ್ತದೆ.